ಮೊದಲು ಒಂದು ಹಂಗಾಮು ಕಬ್ಬು, ಆಮೇಲೆ ಕಾಗದ: ನಮ್ಮ ಮನೆಯ ವಾಟ್ನಿ

ಅಪ್ಪ ಗಟ್ಟಿಮುಟ್ಟಾಗಿ ಇರುವಾಗಲೇ ವಾಟ್ನಿ, ಅಂದರೆ ಹೊಲಮನೆಯ ಪಾಲು, ಮುಗಿಸಿದೆವು. ಯಾರೂ ಯಾರ ಜೊತೆ ಮಾತು ಬಿಟ್ಟಿಲ್ಲ. ಮುಧೋಳದ ಕಡೆಯ ನಮ್ಮೂರಲ್ಲಿ ಶುರುವಿಗೆ ಎಲ್ಲರೂ ನಕ್ಕಿದ್ದರು. "ಹಿರ್ಯಾ ಇರೂಮುಂದನ ಹೊಲ ಹಂಚ್ಕೋತೀರೇನೋ?" ಅಂತ ಕಾಕಾ ಬೈದರು. ಈಗ ಅದೇ ಕಾಕಾ ತಮ್ಮ ಹೊಲದ ಉತಾರ (ಪಹಣಿ) ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ.

ಬೀಳಗಿ ಕಡೆಯ ಬೀಗರ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಪರಿಹಾರದ ರೊಕ್ಕ ಅಣ್ಣತಮ್ಮರ ಕೇಸಿನಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಕೋರ್ಟಿನಲ್ಲೇ ಕೂತಿತು. ಅದನ್ನು ನೋಡಿಯೇ ನನಗೆ ಗಡಿಬಿಡಿ ಹತ್ತಿದ್ದು.

ಮೊದಲ ಸಲ ಪಂಚರನ್ನು ಕೂಡಿಸಿದೆವು. ಹದಿನೈದು ಎಕರೆ, ಅಪ್ಪ ಮತ್ತು ನಾಲ್ಕು ಮಕ್ಕಳು, ತಲೆಗೆ ಮೂರು ಎಕರೆ ಅಂದರು, ಚಹಾ ಕುಡಿದು ಹೋದರು. ಮೇಲಿನ ಹೊಲ ಕರಿ ಮಣ್ಣು, ಕೆಳಗಿನದು ಸವಳು (ಉಪ್ಪು ಮಣ್ಣು), ಬೋರು ಒಂದೇ, ದಾರಿ ಒಂದೇ ಕಡೆ. ಅದನ್ನು ಯಾರೂ ಕೇಳಲಿಲ್ಲ. ತಮ್ಮ ಸಿಟ್ಟಾಗಿ ಎದ್ದುಹೋದ.

ಆಗ ನಾನು ಹೇಳಿದೆ, ಕಾಗದ ಬೇಡ, ಒಂದು ಹಂಗಾಮು ಸುಮ್ನೆ ಬಾಯಿಮಾತಿನ ಮೇಲೆ ಪಾಲು ಹಾಕಿಕೊಂಡು ಕಬ್ಬು ಬೆಳೆದು ನೋಡೋಣ, ಕಾರ್ಖಾನೆಯ ಬಿಲ್ಲು ಬಂದ ಮೇಲೆ ಮಾತಾಡೋಣ. ಅಕ್ಕ ತನ್ನ ಪಾಲನ್ನು ತಮ್ಮನಿಗೆ ಲಾವಣಿ (ಗುತ್ತಿಗೆ) ಹಾಕಿದಳು. ಎಲ್ಲ ನಿಜ ಹೊರಬಿದ್ದದ್ದು ಅಲ್ಲೇ. ಮೇಲೆ ಎಕರೆಗೆ ನಲವತ್ತೈದು ಟನ್ ಹತ್ತಿರ ಬಂತು, ಕೆಳಗೆ ಇಪ್ಪತ್ತೈದೂ ದಾಟಲಿಲ್ಲ. ಹಾಗಾಗಿ ಸವಳು ತುಂಡಿಗೆ ಇಪ್ಪತ್ತು ಗುಂಟೆ ಜಾಸ್ತಿ ಸೇರಿಸಿದೆವು, ತಕರಾರಿಲ್ಲದೆ, ಯಾಕೆಂದರೆ ತೂಕದ ಚೀಟಿ ಎಲ್ಲರ ಕೈಯಲ್ಲೂ ಇತ್ತು. ನೀರಿನ ಪಾಳಿಯನ್ನು ಮೊದಲು ದಿನದ ಲೆಕ್ಕದಲ್ಲಿ ಹಾಕಿದ್ದೆವು. ಮೂರು ಫೇಸ್ ಕರೆಂಟು ರಾತ್ರಿ ಬಂದಾಗ ಜಗಳ. ತಾಸಿನ ಲೆಕ್ಕಕ್ಕೆ ತಂದು, ರಾತ್ರಿ ಪಾಳಿಯನ್ನು ವಾರಕ್ಕೊಮ್ಮೆ ತಿರುಗಿಸಿದ ಮೇಲೆ ಸುಮ್ಮನಾದರು. ಕಬ್ಬಿನ ಬಿಲ್ಲೆಲ್ಲ ಅಪ್ಪನ ಖಾತೆಗೇ ಬೀಳುತ್ತಿತ್ತು, ಅದನ್ನು ಹೇಗೆ ಹಂಚಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ.

ಅಕ್ಕತಂಗಿಯರ ವಿಷಯ. ಸೀರೆ ಕೊಟ್ಟು ಬಾಂಡಿನ ಮೇಲೆ ಸಹಿ ಹಾಕಿಸಿಕೊಂಡರೆ ಸಾಕು ಅನ್ನುವವರು ಇನ್ನೂ ಇದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಇದೆ, ಅಪ್ಪ ಆಗ ಬದುಕಿರಲಿ ಬಿಡಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯೂ ಆಯಿತು. ನೋಂದಣಿ ಆಗದ ಬಾಂಡು ನಾಳೆ ಯಾರ ಕೈ ಹಿಡಿಯುತ್ತದೆ? ಅಕ್ಕ ಹೊಲವನ್ನೇ ಇಟ್ಟುಕೊಂಡಳು. ತಂಗಿ ಊರಿನ ಪ್ಲಾಟು, ಮೇಲೆ ಆರೇಳು ಲಕ್ಷ ತೆಗೆದುಕೊಂಡಳು. ರೊಕ್ಕವೆಲ್ಲ ಚೆಕ್ಕಿನಲ್ಲೇ, ಚೆಕ್ ನಂಬರು ವಾಟ್ನಿ ಪತ್ರದಲ್ಲೇ.

ಕಾಗದದ ಕೆಲಸ ಬೇಸರ ತರಿಸಿತು. ಸೊಸೈಟಿ ಸಾಲದ ಬೋಜಾ (ಹೊಲದ ಮೇಲಿನ ಸಾಲದ ನಮೂದು) ಉತಾರದ ಮೇಲಿತ್ತು, ಬಡ್ಡಿ ಸೇರಿ ಒಂದೂವರೆ ಲಕ್ಷದಷ್ಟು ಕಟ್ಟಿ ಇಳಿಸಿದೆವು. 11ಇ ನಕ್ಷೆ, ಅಂದರೆ ಪಾಲು ತೋರಿಸುವ ಸರ್ವೆ ನಕ್ಷೆ, ಮೊದಲು ಬಂದಾಗ ದಾರಿಯೇ ಇರಲಿಲ್ಲ, ಮತ್ತೆ ಅಳತೆ. ಟ್ರಾಲಿ ತಿರುಗಬೇಕಲ್ವಾ, ಹನ್ನೆರಡು ಅಡಿ ಬಿಡಿಸಿದೆ. ಬೋರು, ಟಿಸಿ (ಟ್ರಾನ್ಸ್‌ಫಾರ್ಮರ್), ಪೈಪು ಎಲ್ಲರದೂ ಅಂತ ಪತ್ರದಲ್ಲೇ ಬರೆಸಿದೆ. ಎಲ್ಲ ಸೇರಿ ಅರವತ್ತು ಎಪ್ಪತ್ತು ಸಾವಿರ ಖರ್ಚು, ಅರ್ಧ ಬರೀ ಓಡಾಟಕ್ಕೆ.

ಅಪ್ಪನ ಪಾಲು ಅಪ್ಪನ ಹೆಸರಲ್ಲೇ ಇದೆ. ಮಕ್ಕಳಿಗೆ ದಾನಪತ್ರ ಮಾಡಿಕೊಡಿ ಅಂತ ವಕೀಲರೊಬ್ಬರು ಹೇಳಿದ್ದರು, ನಾನು ಒಪ್ಪಲಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ನೋಡಿಕೊಳ್ಳುವ ಷರತ್ತು ಇಟ್ಟು ಕೊಟ್ಟದ್ದನ್ನು ರದ್ದು ಮಾಡಿಸಬಹುದು ನಿಜ, ಆದರೆ ಮುಪ್ಪಿನಲ್ಲಿ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಯಾರು ಅಲೆಯಬೇಕು? ಬದಲಿಗೆ ಉಯಿಲು ಬರೆಸಿದೆವು. ಇಬ್ಬರು ಸಾಕ್ಷಿಗಳು, ಇಬ್ಬರೂ ಪಾಲಿನವರಲ್ಲ, ಇಬ್ಬರೂ ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ವಯಸ್ಸಾದ ಹಿರಿಯರನ್ನೇ ಕೂಡಿಸಿದರೆ, ಬೇಕಾದಾಗ ಸಾಕ್ಷಿ ಹೇಳೋಕೆ ಯಾರೂ ಉಳಿದಿರೋದಿಲ್ಲ.

ಈ ಬೇಸಿಗೆಯಲ್ಲಿ ಮೋಟಾರು ಸುಟ್ಟಿತು. ರಿವೈಂಡಿಂಗ್ ಬಿಲ್ಲನ್ನು ಗ್ರೂಪಿಗೆ ಹಾಕಿದೆ, ಸಂಜೆಯೊಳಗೆ ಎಲ್ಲರ ಪಾಲೂ ಬಂತು, ತಮ್ಮನದು ಎಲ್ಲರಿಗಿಂತ ಮೊದಲು.