ಕನ್ನಡಕ್ಕೊಂದು ಮೇಜು, ಮಗನಿಗೊಂದು ಕುರ್ಚಿ

ಮಗನಿಗೆ ಮೂರೂವರೆ ವರ್ಷ ಆಗಿದ್ದಾಗ ಸ್ಪೀಚ್ ಥೆರಪಿಸ್ಟ್ ಒಬ್ಬರು ಹೇಳಿದರು, "ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ." ಆಟಿಸಂ ಇರುವ ಮಗುವಿಗೆ ಎರಡು ಭಾಷೆ ಹೊರೆ ಆಗುತ್ತದಂತೆ. ನಂಬಿದೆವು. ಎರಡು ವರ್ಷ ಮಗನ ಹತ್ತಿರ ಇಂಗ್ಲಿಷು, ನಮ್ಮ ನಮ್ಮಲ್ಲಿ ಕನ್ನಡ. ಅಂದರೆ ಊಟಕ್ಕೆ ಕೂತಾಗ ನಡೆಯುವ ಮಾತು, ಜಗಳ, ನಗು ಯಾವುದೂ ಅವನದಲ್ಲ. ಆಮೇಲೆ ಹುಡುಕಿ ಓದಿದಾಗ ಗೊತ್ತಾಯಿತು, ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಆಧಾರವೇ ಇಲ್ಲ ಅಂತ. ಆ ಎರಡು ವರ್ಷದ ಸಿಟ್ಟೇ ಮುಂದೆ ಶಾಲೆಯೊಳಗೆ ಕನ್ನಡ ತರುವ ಕೆಲಸಕ್ಕೆಲ್ಲ ನನ್ನ ಬಂಡವಾಳ.

ನಮ್ಮದು ಕ್ಯಾಲಿಫೋರ್ನಿಯಾದ ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ, ಒಂದು ಚಾರ್ಟರ್ ಶಾಲೆ. ದುಡ್ಡು ಸರ್ಕಾರದ್ದು, ನಡೆಸುವುದು ತನ್ನದೇ ಆಡಳಿತ ಬೋರ್ಡು, ಸೀಟು ಲಾಟರಿಯಲ್ಲಿ. ಮಕ್ಕಳು ಸುಮಾರು 430. ಭಾಷೆ ಅಂತ ಇದ್ದದ್ದು ವಾರಕ್ಕೆ ಎರಡು ದಿನ ಸ್ಪ್ಯಾನಿಷ್ ಮಾತ್ರ. ಮ್ಯಾಂಡರಿನ್ ಬೇಕು ಅಂತ ಒಂದು ಗುಂಪು. ಇರುವ ಸ್ಪ್ಯಾನಿಷನ್ನೇ ಐದು ದಿನ ಮಾಡಿ ಅಂತ ಇನ್ನೊಂದು. ನಮ್ಮ ಭಾರತದವರ ಕಥೆ ಕೇಳಲೇಬೇಡಿ, ಹಿಂದಿ, ತಮಿಳು, ತೆಲುಗು, ಕನ್ನಡ ಅಂತ ನಾಲ್ಕು ದಿಕ್ಕು. ಇವರೆಲ್ಲರ ಎದುರು ಸ್ಪೆಷಲ್ ಎಜುಕೇಶನ್, ಅಂದರೆ ಕಲಿಕೆಗೆ ವಿಶೇಷ ನೆರವು ಬೇಕಾದ, ಮಕ್ಕಳ ಅಪ್ಪ ಅಮ್ಮಂದಿರು. "ಮೊದಲು ಇನ್ನಿಬ್ಬರು ಏಡ್‌ಗಳನ್ನು ಕೊಡಿ, ಭಾಷೆ ಆಮೇಲೆ" ಅನ್ನುವುದು ಅವರ ಪಟ್ಟು. ಏಡ್ ಅಂದರೆ ಮಕ್ಕಳ ಜೊತೆಗಿದ್ದು ನೆರವಾಗುವವರು. ನಾನು ಎರಡು ಕಡೆಗೂ ಸೇರಿದವಳು. ಸಭೆಯಲ್ಲಿ ಯಾವ ಸಾಲಿನಲ್ಲಿ ಕೂರಬೇಕು ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಮೊದಲ ವರ್ಷ ಮಾಡಿದ್ದೆಲ್ಲ ದಂಡ. 47 ಸಹಿ ಸಂಗ್ರಹಿಸಿ ಬೋರ್ಡ್ ಸಭೆಗೆ ಹೋದೆ. ಎರಡು ನಿಮಿಷ ಕೊಟ್ಟರು. ನನ್ನ ಅಜ್ಜಿ, ತಿಪಟೂರು, ತೆಂಗಿನ ತೋಟ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು, ವಿಷಯಕ್ಕೇ ಬಂದಿರಲಿಲ್ಲ! ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು. 2020ರಿಂದ ಕ್ಯಾಲಿಫೋರ್ನಿಯಾದ ಚಾರ್ಟರ್ ಬೋರ್ಡುಗಳಿಗೂ ಬ್ರೌನ್ ಆಕ್ಟ್, ಅಂದರೆ ಸಭೆಗಳು ಜನರ ಎದುರೇ ನಡೆಯಬೇಕು ಅನ್ನುವ ಕಾನೂನು, ಅನ್ವಯಿಸುತ್ತದೆ. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು, ಅದರಲ್ಲಿ ಇಲ್ಲದ ವಿಷಯದ ಮೇಲೆ ಅವರು ತೀರ್ಮಾನ ಮಾಡುವ ಹಾಗೇ ಇಲ್ಲ. ಪಬ್ಲಿಕ್ ಕಾಮೆಂಟಿನಲ್ಲಿ, ಅಂದರೆ ಜನ ಎದ್ದು ಮಾತಾಡುವ ಆ ಎರಡು ನಿಮಿಷದಲ್ಲಿ, ಅತ್ತರೂ ಕೂಗಿದರೂ ಅವರು "ಥ್ಯಾಂಕ್ ಯೂ" ಅನ್ನಬಹುದು, ಅಷ್ಟೇ. ಅಜೆಂಡಾದಲ್ಲಿ ಒಂದು ಸಾಲು ಸೇರಿಸುವುದೇ ನಿಜವಾದ ಕೆಲಸ.

ಅದೇ ಸಭೆಯಲ್ಲಿ ಒಬ್ಬರು ಎದ್ದು, ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಕಲಿಸುವುದು ಕಾನೂನಿಗೆ ವಿರುದ್ಧ ಅಂದರು. ಅವರ ಮನಸ್ಸಿನಲ್ಲಿ ಇದ್ದದ್ದು 1998ರ ಕಾನೂನು. ಅದರ ಕಟ್ಟುಪಾಡುಗಳನ್ನು ಮತದಾರರೇ 2016ರಲ್ಲಿ ತೆಗೆದುಹಾಕಿದ್ದಾರೆ. ಆ ದಿನ ಇದು ನನಗೆ ಗೊತ್ತಿರಲಿಲ್ಲ, ಸುಮ್ನೆ ಕೂತೆ. ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೇ ಸೋಲು ಊಟದ ಬಿಡುವಿನ ಕನ್ನಡ ಕ್ಲಾಸು. ಆರು ಮಕ್ಕಳು ಸೇರಿದರು. ಊರಿಂದ ಸುಮಾರು 60 ಪುಸ್ತಕ ತರಿಸಿದ್ದೆ. ಪುಸ್ತಕಕ್ಕೆ 9,000 ರೂಪಾಯಿ ಆಗಿರಬಹುದು, ಹೆಚ್ಚುವರಿ ಲಗೇಜಿಗೆ ಅದಕ್ಕಿಂತ ಜಾಸ್ತಿ. ಅ ಆ ಇ ಈ ಬೋರ್ಡಿನ ಮೇಲೆ ಬರೆದೆ. ಮೂರನೇ ವಾರಕ್ಕೆ ಇಬ್ಬರು ಬಿಟ್ಟರು, ಅವರಿಗೆ ಆಟದ ಮೈದಾನ ಬೇಕಿತ್ತು. ನನ್ನ ಮಗನೇ ಮೇಜಿನ ಕೆಳಗೆ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದ. ಕನ್ನಡ ಕೂಟದ ಹಿರಿಯರೊಬ್ಬರು, "ಭಾನುವಾರದ ಕ್ಲಾಸ್ ಇದೆಯಲ್ಲಮ್ಮಾ, ಅಲ್ಲಿಗೇ ಕಳಿಸು. ಶಾಲೆಯವರ ಕಾಲು ಯಾಕೆ ಹಿಡೀತೀಯಾ?" ಅಂದರು. ಭಾನುವಾರದ ಕ್ಲಾಸಿಗೂ ಕಳಿಸಿ ನೋಡಿದ್ದೆ. ಅಲ್ಲಿ ಕಲಿಸುವವರು ಒಳ್ಳೆಯ ಮನಸ್ಸಿನವರೇ. ಆದರೆ 20 ಮಕ್ಕಳ ನಡುವೆ ನನ್ನ ಮಗನನ್ನು ಹಿಡಿದು ಕೂರಿಸಲು ಅವರ ಹತ್ತಿರ ಜನ ಇರಲಿಲ್ಲ. ನಾನೇ ಪಕ್ಕದಲ್ಲಿ ಕೂತರೆ ಅವನು ಬರೀ ನನ್ನನ್ನೇ ನೋಡುತ್ತಿದ್ದ.

ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಮಗನಿಗೆ ಅಂತ ಚಿತ್ರದ ಕಾರ್ಡು ಮಾಡಿದ್ದೆ. ಕೈ ತೊಳಿ, ಕೂತ್ಕೋ, ಹಿಟ್ಟು ಕಲಸು, ಮುಗೀತು, ಹೀಗೆ ಒಂದು ಕೆಲಸಕ್ಕೆ ಒಂದು ಚಿತ್ರ, ಕೆಳಗೆ ಕನ್ನಡದಲ್ಲಿ ಒಂದೇ ಪದ. ಒಂದು ದಿನ ಅವನ ಗೆಳೆಯನೊಬ್ಬ ಮನೆಗೆ ಬಂದಿದ್ದ, ಸ್ಪ್ಯಾನಿಷ್ ಮಾತಾಡುವ ಮನೆಯ ಹುಡುಗ. ಇಬ್ಬರನ್ನೂ ಚಪಾತಿ ಹಿಟ್ಟು ಕಲಸಲು ಕೂರಿಸಿದೆ. ಅರ್ಧ ಗಂಟೆಯಲ್ಲಿ ಆ ಹುಡುಗ ಕಾರ್ಡು ತೋರಿಸಿ ತೋರಿಸಿ "ನೀರು ಹಾಕು" ಅನ್ನುತ್ತಿದ್ದ! ಮಾತು ಕಷ್ಟ ಆಗುವ ಮಗುವಿಗೆ ಮಾಡಿದ ಕಾರ್ಡು, ಭಾಷೆಯೇ ಗೊತ್ತಿಲ್ಲದ ಮಗುವಿಗೂ ಸರಿಯಾಗಿ ಹೊಂದಿತು. ಎರಡು ವರ್ಷದಿಂದ ಶಾಲೆಯಲ್ಲಿ ಎರಡು ಗುಂಪು ಕಿತ್ತಾಡುತ್ತಿದ್ದದ್ದು ಈ ಒಂದು ಕಟ್ಟು ಕಾರ್ಡಿಗೆ ಅನ್ನಿಸಿತು.

ಮೊದಲು ಫೋನ್ ಮಾಡಿದ್ದು ಆ ಹುಡುಗನ ಅಮ್ಮನಿಗೆ. ಅವಳ ಮಗಳಿಗೆ ಡೌನ್ ಸಿಂಡ್ರೋಮ್ ಇದೆ, ಏಡ್ ಬೇಕು ಅನ್ನುವ ಗುಂಪಿಗೆ ಅವಳೇ ಮುಂದಾಳು. ಅವಳಿಗೂ ಯಾರೋ "ಮಗಳಿಗೆ ಇಂಗ್ಲಿಷ್ ಮಾತ್ರ" ಅಂತ ಹೇಳಿದ್ದರಂತೆ. ಅಲ್ಲಿಗೆ ನಮ್ಮ ಎರಡು ಗುಂಪು ಒಂದಾಯಿತು.

ಯೋಜನೆ ಇಷ್ಟೇ. ಬುಧವಾರ ಶಾಲೆ ಬೇಗ ಬಿಡುತ್ತದಲ್ವಾ, ಆಮೇಲಿನ ಒಂದು ಗಂಟೆ ಮನೆಮಾತಿಗೆ. ಒಂದೇ ಕೋಣೆ, ನಾಲ್ಕು ಮೇಜು: ಸ್ಪ್ಯಾನಿಷ್, ಮ್ಯಾಂಡರಿನ್, ತೆಲುಗು, ಕನ್ನಡ. ನಾಲ್ಕಕ್ಕೂ ಅದೇ ಕಾರ್ಡು, ಅದೇ ಕೆಲಸ, ಪದ ಮಾತ್ರ ಬೇರೆ. ಯಾವ ಮಗು ಯಾವ ಮೇಜಿಗೆ ಬೇಕಾದರೂ ಹೋಗಬಹುದು. ಇಡೀ ಗಂಟೆ ಒಬ್ಬ ಏಡ್ ಕೋಣೆಯಲ್ಲಿ ಇರಲೇಬೇಕು. ಅವರು ಒಂದು ಮಗುವಿಗೆ ಅಂಟಿಕೊಳ್ಳದೆ ನಾಲ್ಕೂ ಮೇಜಿಗೆ ಓಡಾಡಬೇಕು.

"ಹಿಂದಿ ಇಟ್ಟರೆ ಭಾರತದವರಿಗೆಲ್ಲ ಆಗುತ್ತದಲ್ಲ" ಅಂತ ಒಂದು ರಾಜಿ ಸೂತ್ರ ಬಂದಿತ್ತು. ನಮ್ಮ ಭಾರತದವರ ವಾಟ್ಸಾಪ್ ಗುಂಪು ಎರಡು ದಿನದಲ್ಲಿ ಮೂರು ಗುಂಪಾಯಿತು. ಅದರ ಬಗ್ಗೆ ಇಷ್ಟೇ ಸಾಕು.

ದುಡ್ಡಿನ ವಿಷಯ. ನಮ್ಮ ಜನ ಎಡವುವುದು ಇಲ್ಲೇ. ಎಲ್ಲರೂ ತರಗತಿಯ ಬಜೆಟ್ಟಿಗೆ ಕೈ ಹಾಕುತ್ತಾರೆ, ಅಲ್ಲಿ ಏನೂ ಉಳಿದಿರುವುದಿಲ್ಲ. ಆರನೇ ಕ್ಲಾಸಿನವರೆಗಿನ ಮಕ್ಕಳಿಗೆ ಶಾಲೆ ಬಿಟ್ಟ ಮೇಲಿನ ಕಾರ್ಯಕ್ರಮಕ್ಕೆ ಅಂತ ರಾಜ್ಯ ಸರ್ಕಾರ 2021ರಿಂದ ಬೇರೆಯೇ ಹಣ ಕೊಡುತ್ತಿದೆ. ಎಕ್ಸ್‌ಪಾಂಡೆಡ್ ಲರ್ನಿಂಗ್ ಹಣ. ಅದು ಚಾರ್ಟರ್ ಶಾಲೆಗಳಿಗೂ ಬರುತ್ತದೆ. ನಮ್ಮ ಶಾಲೆ ಅದರಲ್ಲಿ ಮಕ್ಕಳನ್ನು ಕಾಯುವುದು ಬಿಟ್ಟು ಹೆಚ್ಚೇನೂ ಮಾಡುತ್ತಿರಲಿಲ್ಲ. ಏಡ್‌ಗೆ ಗಂಟೆಗೆ 24 ಡಾಲರ್ ಇರಬೇಕು. ತಯಾರಿ ಸೇರಿ ವಾರಕ್ಕೆ ಎರಡು ಗಂಟೆ, ವರ್ಷಕ್ಕೆ 36 ವಾರ. 1,700 ಡಾಲರ್ ಚಿಲ್ಲರೆ ಆಯಿತು. ಲ್ಯಾಮಿನೇಟ್ ಹಾಳೆ, ಹಿಟ್ಟು, ಬಣ್ಣ ಎಲ್ಲ ಸೇರಿ ಇನ್ನೊಂದು 600. ಮ್ಯಾಂಡರಿನ್ ಟೀಚರನ್ನು ಅರ್ಧ ದಿನಕ್ಕೆ ಇಟ್ಟುಕೊಂಡರೆ 40 ಸಾವಿರ ಅಂತ ಬೋರ್ಡು ಹಿಂದಿನ ವರ್ಷ ಲೆಕ್ಕ ಹಾಕಿತ್ತು. ಎರಡು ಅಂಕಿಯನ್ನೂ ಒಂದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಟ್ಟೆ. ಕಥೆ ಹೇಳಲಿಲ್ಲ, ಅಜ್ಜಿಯ ಸುದ್ದಿ ಎತ್ತಲಿಲ್ಲ.

ಸಮಯವೂ ಕೂಡಿ ಬಂತು. ಆ ವರ್ಷ ಶಾಲೆಯ ಚಾರ್ಟರ್, ಅಂದರೆ ಶಾಲೆ ನಡೆಸುವ ಪರವಾನಗಿ, ನವೀಕರಣ ಆಗಬೇಕಿತ್ತು. ಸ್ಪೆಷಲ್ ಎಜುಕೇಶನ್ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಇವರೆಲ್ಲ ಶಾಲಾ ಜಿಲ್ಲೆಯಲ್ಲಿ ಇರುವ ಪ್ರಮಾಣದಲ್ಲೇ ಶಾಲೆಯಲ್ಲೂ ಇರುವಂತೆ ಏನು ಮಾಡುತ್ತೀರಿ ಅಂತ ಅರ್ಜಿಯಲ್ಲಿ ಹೇಳಬೇಕು. 2019ರ ತಿದ್ದುಪಡಿಯಿಂದ ಬಂದ ಮಾತು ಇದು. ನಮ್ಮ ಶಾಲೆಯ ಹತ್ತಿರ ಆ ಜಾಗಕ್ಕೆ ಬರೆಯಲು ಗಟ್ಟಿಯಾದದ್ದು ಏನೂ ಇರಲಿಲ್ಲ. ನಮ್ಮ ಹತ್ತಿರ ಇತ್ತು. ಅದನ್ನು ಯಾರ ಕೈಗೆ, ಯಾವ ತಿಂಗಳು, ಹೇಗೆ ಮುಟ್ಟಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದೇ ಶಾಲೆಯಲ್ಲಿ ನನಗೆ ಇನ್ನೂ ಕೆಲಸ ಇದೆ. ಒಂದು ಹೇಳುತ್ತೇನೆ, ಎಲ್‌ಸಿಎಪಿ (ಶಾಲೆಯ ಗುರಿ ಏನು, ದುಡ್ಡು ಯಾವುದಕ್ಕೆ ಅಂತ ಬರೆಯುವ ಯೋಜನೆ) ಜೂನ್‌ನಲ್ಲಿ ಪಾಸಾಗುತ್ತದೆ ಅಂತ ಜೂನ್‌ನಲ್ಲಿ ಹೋಗಬೇಡಿ. ಫೆಬ್ರವರಿಗೇ ಹೋಗಿ, ಕರಡು ಬರೆಯುವವರ ಪಕ್ಕ ಕೂತುಕೊಳ್ಳಿ.

ಇನ್ನು ಕಲಿಸುವವರು. ಆರು ತಿಂಗಳಿಗೆ ಅಂತ ಅತ್ತೆ ಬಂದಿದ್ದರು. "ಅತ್ತೆ, ನೀವೇ ಬನ್ನಿ" ಅಂದೆ. "ನಂಗೆ ಇಂಗ್ಲಿಷ್ ಬರಲ್ವಲ್ಲೇ!" ಅಂದರು. ಅದೇ ಬೇಕಾಗಿದ್ದದ್ದು. ವಾಲಂಟಿಯರ್ ಆಗಲು ಬೆರಳಚ್ಚು ಕೊಡಬೇಕು, ಟಿಬಿ ಇಲ್ಲ ಅಂತ ಕಾಗದ ಬೇಕು. ನಲವತ್ತು ವರ್ಷ ಪಾತ್ರೆ ತಿಕ್ಕಿ, ರಾಗಿ ಬೀಸಿ ಅತ್ತೆಯ ಬೆರಳ ಗೆರೆಯೆಲ್ಲ ಸವೆದಿತ್ತು. ಮೊದಲ ಸಲ ಅಚ್ಚು ಸರಿಯಿಲ್ಲ ಅಂತ ವಾಪಸ್ ಬಂತು. "ಕಳ್ಳಿ ಅಂದ್ಕೊಂಡ್ರೇನೇ?" ಅಂತ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಕೈಗೆ ಒಂದು ವಾರ ಕೊಬ್ಬರಿ ಎಣ್ಣೆ ಹಚ್ಚಿ ಮತ್ತೆ ಕರೆದುಕೊಂಡು ಹೋದೆ, ಆಯಿತು. ಎಣ್ಣೆಯಿಂದಲೇ ಆಯಿತೋ ಏನೋ, ಅತ್ತೆಯಂತೂ ಹಾಗೇ ನಂಬಿದ್ದಾರೆ.

ಅಕ್ಷರ ಕಲಿಸಲು ತಟ್ಟೆಯಲ್ಲಿ ರಾಗಿ ಹರಡಿ ಬರೆಸಿದೆವು. ನನ್ನ ಮಗನಿಗೆ ಖುಷಿಯೋ ಖುಷಿ, ಉಳಿದವರು ರಾಗಿ ಎರಚಾಡಿದರು. ಜಾನಿಟರ್ ಹತ್ತಿರ ಬೈಸಿಕೊಂಡು ನಿಲ್ಲಿಸಿದೆ. ನಿಜವಾಗಿ ಗೆದ್ದದ್ದು ಚೌಕಾಬಾರ. ಮೊದಲು ಕವಡೆಯಲ್ಲೇ ಆಡಿಸಿದೆ, ಒಂದು ಕವಡೆ ಮಗುವೊಂದರ ಬಾಯಿಗೆ ಹೋಗಿ ಎಲ್ಲರ ಜೀವ ಬಾಯಿಗೆ ಬಂತು. ಈಗ ಹಾಲಿನ ಕ್ಯಾನಿನ ದೊಡ್ಡ ಮುಚ್ಚಳ ನಾಲ್ಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಸರದಿ ಕಾಯುವುದು ನನ್ನ ಮಗನ ಐಇಪಿಯಲ್ಲಿ, ಅಂದರೆ ಶಾಲೆ ಅವನಿಗೆಂದೇ ಬರೆದ ಕಲಿಕೆಯ ಯೋಜನೆಯಲ್ಲಿ, ಎರಡು ವರ್ಷದಿಂದ ಇದ್ದ ಗುರಿ. ಹಾಳೆಯ ಮೇಲೆ ಹತ್ತಿರವೂ ಬಂದಿರಲಿಲ್ಲ. ಚೌಕಾಬಾರದ ಮೇಜಿನಲ್ಲಿ ಆರೇಳು ವಾರಕ್ಕೆ ಬಂತು, ಯಾಕೆಂದರೆ ಅತ್ತೆ ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಮುಂದಿನ ಐಇಪಿ ಸಭೆಗೆ ಅದರ ವಿಡಿಯೋ ಒಯ್ದೆ. ಸಭೆಯನ್ನು ರೆಕಾರ್ಡ್ ಮಾಡುವುದಾದರೆ 24 ಗಂಟೆ ಮೊದಲು ತಿಳಿಸಬೇಕು, ಮರೆಯಬೇಡಿ. "ಇದು ಯಾವ ಥೆರಪಿ?" ಅಂತ ಒಬ್ಬರು ಕೇಳಿದರು. ನಮ್ಮೂರ ಜಗಲಿ ಥೆರಪಿ ಅಂದೆ.

ಕಾರ್ಡು ಯಾವ ಕ್ರಮದಲ್ಲಿ ಬರಬೇಕು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಗಲಾಟೆ ಆಗದಂತೆ ಏನು ಮಾಡುತ್ತೇನೆ, ಅದನ್ನು ನೋಡಬೇಕಾದರೆ ಒಂದು ಬುಧವಾರ ಬನ್ನಿ. ಬರೆದರೆ ತಿಳಿಯುವಂಥದ್ದಲ್ಲ, ಬರೆಯುವ ಮನಸ್ಸೂ ಇಲ್ಲ.

ಶುರುವಿನಲ್ಲಿ 14 ಮಕ್ಕಳಿದ್ದರು, ಈಗ 40ರ ಹತ್ತಿರ. ಅದರಲ್ಲಿ ಐಇಪಿ ಇರುವವರು ಒಂಬತ್ತೋ ಹತ್ತೋ. ಕನ್ನಡ ಮೇಜಿನಲ್ಲಿ ಹನ್ನೊಂದು ಮಕ್ಕಳು, ಮನೆಯಲ್ಲಿ ಕನ್ನಡ ಇರುವವರು ಆರೇ. ಭಾನುವಾರಕ್ಕೆ ಕಳಿಸು ಅಂದಿದ್ದ ಹಿರಿಯರು ಕಳೆದ ತಿಂಗಳು ಕಾರ್ಡುಗಳ ಒಂದು ಪ್ರತಿ ಕೇಳಿದರು. ಕೊಟ್ಟೆ, ಲ್ಯಾಮಿನೇಟ್ ಖರ್ಚು ಇಸಿದುಕೊಂಡೆ.

ಅತ್ತೆ ಊರಿಗೆ ವಾಪಸ್ ಹೋಗಿದ್ದಾರೆ. ಅವರ ಕುರ್ಚಿಯಲ್ಲಿ ಈಗ ತಮಿಳು ಅಜ್ಜಿಯೊಬ್ಬರು, ಕನ್ನಡ ಕಲಿತೇ ಕಲಿಸುತ್ತಿದ್ದಾರೆ. ಅವರಿಗೆ ತಮಿಳಿನ ಮೇಜೂ ಬೇಕಂತೆ. ಹಿಂದಿಯವರೂ ಮತ್ತೆ ಕೇಳುತ್ತಿದ್ದಾರೆ. ಆ ಕೋಣೆಯಲ್ಲಿ ಐದನೇ ಮೇಜು ಹಿಡಿಸುವುದಿಲ್ಲ. ಲೈಬ್ರರಿಯ ಬೀಗದ ಕೈ ಕೇಳಿ ಪತ್ರ ಬರೆದಿದ್ದೇನೆ. ಈ ಸಲ ಅಜೆಂಡಾದಲ್ಲಿ ಸಾಲು ಹಾಕಿಸಿಯೇ ಬರೆದದ್ದು.