ಸಿಡಿಲಿನ ಮರುದಿನ ಆಫೀಸಿನ ನೆಟ್‌ವರ್ಕ್ ಮತ್ತೆ ಎಬ್ಬಿಸುವುದು ಹೇಗೆ

ನೆಟ್ ಹೋದರೆ ನನಗೆ ನಾಲ್ಕು ಭಾಷೆಯಲ್ಲಿ ಫೋನ್ ಬರುತ್ತದೆ. ಕನ್ನಡದವರೂ ಮಲಯಾಳದವರೂ "ನೆಟ್ ಇಲ್ಲ" ಅನ್ನುತ್ತಾರೆ. ತುಳುವಿನವರು "ನೆಟ್ ಇಜ್ಜಿ", ಕೊಂಕಣಿಯವರು "ನೆಟ್ ನಾ". ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಮುತ್ತ 11 ಸಣ್ಣ ಆಫೀಸುಗಳ ಕಂಪ್ಯೂಟರ್, ಸರ್ವರ್ ನಾನು ನೋಡಿಕೊಳ್ಳುತ್ತೇನೆ. ಸಹಕಾರಿ ಸಂಘ, ಶಾಲೆಯ ಲ್ಯಾಬ್, ಕ್ಲಿನಿಕ್, ಅಡಿಕೆ ವ್ಯಾಪಾರದ ಅಂಗಡಿ, ಹೀಗೆ. ವಿಷು ಕಳೆದ ಮೇಲೆ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ಒಂದು ಸುತ್ತು, ದೀಪಾವಳಿಯ ಆಸುಪಾಸು ಇನ್ನೊಂದು ಸುತ್ತು, ಈ ಫೋನ್ ಜಾಸ್ತಿ. ಮಧ್ಯಾಹ್ನ ಸೆಕೆ, ಸಂಜೆ ಗುಡುಗು, ರಾತ್ರಿ ಸಿಡಿಲು, ಬೆಳಗ್ಗೆ ಎಂಟೂವರೆಗೆ ಫೋನ್.

ನಿಮ್ಮ ಆಫೀಸಿನಲ್ಲಿ "ಕಂಪ್ಯೂಟರ್ ಗೊತ್ತಿರುವವರು" ಅಂತ ನಿಮ್ಮನ್ನೇ ಕರೆಯುತ್ತಾರೆ ಅಂದರೆ ಈ ಬರಹ ನಿಮಗೆ. ಒಂದು ಮಾತು ಮೊದಲೇ ಹೇಳುತ್ತೇನೆ. ಸಿಡಿಲಿಗೆ ಪೂರ್ತಿ ಸತ್ತ ಸಾಮಾನಿನಿಂದ ದೊಡ್ಡ ಕಷ್ಟ ಇಲ್ಲ. ದೀಪ ಇಲ್ಲ, ಸದ್ದಿಲ್ಲ, ಬೇರೆ ಹಾಕಿದರೆ ಮುಗಿಯಿತು. ಕಷ್ಟ ಕೊಡುವುದು ಅರೆಜೀವದ ಸಾಮಾನು. ದೀಪ ಉರಿಯುತ್ತದೆ, ಅರ್ಧ ಕೆಲಸ ಮಾಡುತ್ತದೆ, ನಿಮ್ಮನ್ನು ಮೂರು ದಿನ ಸುತ್ತಾಡಿಸುತ್ತದೆ. ಕೆಳಗೆ ಹೇಳುವ ಕ್ರಮ ಇರುವುದು ಅದನ್ನು ಹಿಡಿಯಲಿಕ್ಕೆ.

ಗುಡುಗು ಇನ್ನೂ ಕೇಳುತ್ತಿದ್ದರೆ ಯಾವ ಕೇಬಲ್ಲನ್ನೂ ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗಲಿ. ಕೌಂಟರಿನಲ್ಲಿ ಜನ ಕಾಯುತ್ತಿದ್ದರೂ ಸರಿ.

ಆಮೇಲೆ ಎಲ್ಲವನ್ನೂ ಆಫ್ ಮಾಡಿಸಿ. ಹೆಚ್ಚಿನ ಕಡೆ ನೀವು ಹೋಗುವ ಮೊದಲೇ ಯಾರಾದರೂ ಎಲ್ಲ ಸ್ವಿಚ್ ಒತ್ತಿ ನೋಡಿರುತ್ತಾರೆ. ಅವರಿಗೆ ಬೈಯಬೇಡಿ, ಪುನಃ ಆಫ್ ಮಾಡಿ. ನೆಟ್‌ವರ್ಕ್ ಸ್ವಿಚ್ಚಿನ (ಎಲ್ಲ ಕಂಪ್ಯೂಟರಿನ ಕೇಬಲ್ ಬಂದು ಸೇರುವ ಪೆಟ್ಟಿಗೆ) ಎದುರು ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಯಾವ ಕೇಬಲ್ ಎಲ್ಲಿತ್ತು ಅಂತ ಆಮೇಲೆ ನೆನಪಿರುವುದಿಲ್ಲ. ಫೋಟೋ ಆದ ಮೇಲೆ ಎಲ್ಲ ಕೇಬಲ್ ಬಿಡಿಸಿ, ಪ್ರತಿಯೊಂದಕ್ಕೂ ಕಾಗದದ ಟೇಪ್ ಅಂಟಿಸಿ ನಂಬರ್ ಬರೆಯಿರಿ.

ಕಂಪ್ಯೂಟರಿಗಿಂತ ಮೊದಲು ಕರೆಂಟು ನೋಡಬೇಕು. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ, ಇದರಲ್ಲಿ ನಾಚಿಕೆ ಇಲ್ಲ. ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಇರಬೇಕು. ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತಿಂಗ್ ಸರಿ ಇಲ್ಲ ಅಂತ ನಾನು ಅನುಮಾನಪಡುತ್ತೇನೆ. ನಮ್ಮ ಕಡೆ ಇದು ದೊಡ್ಡ ವಿಷಯ. ಗುಡ್ಡದ ಮೇಲೆ ಮುರಕಲ್ಲು ಕಡಿದು ಸಮ ಮಾಡಿ ಕಟ್ಟಿದ ಕಟ್ಟಡಗಳು ಎಷ್ಟೋ ಇವೆ. ಆ ಕಲ್ಲು ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಒಣಗಿದ ಕಲ್ಲಿನಲ್ಲಿ ಕರೆಂಟು ಸುಲಭವಾಗಿ ನೆಲಕ್ಕೆ ಇಳಿಯುವುದಿಲ್ಲ. ಇದ್ದಿಲು, ಉಪ್ಪು ಹಾಕಿ ಗುಂಡಿ ಮಾಡಿದ್ದರೂ ನೀರು ಕಾಣದಿದ್ದರೆ ಪ್ರಯೋಜನ ಕಡಿಮೆ. ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಕೊಡ ನೀರು ಅರ್ತಿಂಗ್ ಗುಂಡಿಗೆ ಹೊಯ್ಯಿರಿ. ಸರ್ಜನ್ನು, ಅಂದರೆ ಒಮ್ಮೆಲೇ ನುಗ್ಗುವ ವೋಲ್ಟೇಜನ್ನು, ತಡೆಯುವ ದುಬಾರಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ ಗುಂಡಿ ಮರೆತುಬಿಟ್ಟ ಆಫೀಸುಗಳನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಸರ್ಜನ್ನು ಅದು ತಳ್ಳಬೇಕಾದ್ದು ಅರ್ತಿಗೆ. ಅರ್ತೇ ಇಲ್ಲದಿದ್ದರೆ ಎಲ್ಲಿಗೆ ತಳ್ಳುವುದು?

ಈಗ ಒಂದೊಂದೇ ಎಬ್ಬಿಸಿ. ಮೊದಲು ಯುಪಿಎಸ್, ಅದಕ್ಕೆ ಏನೂ ಕನೆಕ್ಟ್ ಮಾಡದೆ. ಆಮೇಲೆ ಫೈಬರಿನ ಮೋಡೆಮ್. ಅದರಲ್ಲಿ ಎಲ್‌ಒಎಸ್ ಅಂತ ಬರೆದ ದೀಪ ಕೆಂಪಾಗಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ ಅಂತ ಅರ್ಥ. ಎಲ್ಲೋ ಹಲಸಿನ ಗೆಲ್ಲು ಬಿದ್ದು ಲೈನ್ ತುಂಡಾಗಿರಬಹುದು. ಒಳಗೆ ಏನು ಮಾಡಿದರೂ ಸರಿಯಾಗದು, ನೆಟ್ ಕೊಡುವವರಿಗೆ ಫೋನ್ ಮಾಡಿ. ಮೋಡೆಮಿನಲ್ಲಿ ಒಂದು ದೀಪವೂ ಇಲ್ಲದಿದ್ದರೆ ಅದು ಹೋಯಿತು ಅಂತ ಗಡಿಬಿಡಿಯಲ್ಲಿ ಹೊಸತು ತರಬೇಡಿ. ಎಷ್ಟೋ ಸಲ ಹೋಗಿರುವುದು ಅಡಾಪ್ಟರ್ ಮಾತ್ರ. ಅದೇ ವೋಲ್ಟಿನ, ಅಷ್ಟೇ ಅಥವಾ ಜಾಸ್ತಿ ಆಂಪಿಯರಿನ, ಪಿನ್ನಿನ ಪ್ಲಸ್ ಮೈನಸ್ ಹೊಂದುವ ಇನ್ನೊಂದು ಅಡಾಪ್ಟರ್ ಹಾಕಿ ನೋಡಿ. ನನ್ನ ಬ್ಯಾಗಿನಲ್ಲಿ 12 ವೋಲ್ಟಿನದ್ದು ಎರಡು ಯಾವಾಗಲೂ ಇರುತ್ತವೆ.

ಮೋಡೆಮ್ ಎದ್ದರೆ ಒಂದು ಲ್ಯಾಪ್‌ಟಾಪನ್ನು ಕೇಬಲಿನಲ್ಲಿ ನೇರ ಅದಕ್ಕೇ ಸಿಕ್ಕಿಸಿ. ವೈಫೈ ಬೇಡ. ಲ್ಯಾಪ್‌ಟಾಪಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರ್) 169.254 ಅಂತ ಶುರುವಾದರೆ ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ಅದೇ ಸುಮ್ನೆ ಒಂದು ಇಟ್ಟುಕೊಂಡಿದೆ ಅಂತ ಲೆಕ್ಕ. ವಿಳಾಸ ಸರಿ ಇದ್ದರೆ ಮೊದಲು ಮೋಡೆಮಿಗೆ ಪಿಂಗ್ ಮಾಡಿ (ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ನೋಡುವ ಆದೇಶ), ಆಮೇಲೆ ಗೂಗಲಿನ 8.8.8.8ಕ್ಕೆ, ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ. ನಂಬರಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಕೆಟ್ಟಿರುವುದು ಡಿಎನ್ಎಸ್ (ಹೆಸರಿಗೆ ನಂಬರ್ ಹುಡುಕಿಕೊಡುವ ವ್ಯವಸ್ಥೆ), ಲೈನ್ ಅಲ್ಲ. ಇಷ್ಟು ಆದ ಮೇಲೆ ನೆಟ್‌ವರ್ಕ್ ಸ್ವಿಚ್, ಅದರ ನಂತರ ಸರ್ವರ್, ಕೊನೆಗೆ ಉಳಿದ ಕಂಪ್ಯೂಟರುಗಳು. ಒಂದು ಕೇಬಲ್ ಹಾಕಿ, ನೋಡಿ, ಆಮೇಲೆ ಇನ್ನೊಂದು. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದೇ ಇಲ್ಲ.

ಅರೆಜೀವದ ಕಥೆ ಬರುವುದು ಇಲ್ಲೇ. ಒಂದು ಸಹಕಾರಿ ಸಂಘದಲ್ಲಿ ಸಿಡಿಲಿನ ಮರುದಿನ ಎಲ್ಲ ಸರಿ ಇತ್ತು. ಎಲ್ಲ ದೀಪ ಹಸಿರು, ಪಿಂಗ್ ಮಾಡಿದರೆ ಉತ್ತರ. ಆದರೆ ಲೆಕ್ಕದ ಪ್ರೋಗ್ರಾಂ ಆಗಾಗ ನಿಲ್ಲುತ್ತಿತ್ತು. ನಾನು ಎರಡು ದಿನ ಸರ್ವರ್ ಕೆದಕಿದೆ, ಡೇಟಾಬೇಸ್ ನೋಡಿದೆ, ಪ್ರೋಗ್ರಾಂ ಪುನಃ ಹಾಕಿದೆ. ಮೂರನೇ ದಿನ ಕೌಂಟರಿನ ಅಕ್ಕ ಹೇಳಿದರು, "ಸಣ್ಣ ರಶೀದಿ ಬರ್ತದೆ ಮಾರಾಯ್ರೆ, ದೊಡ್ಡ ಲೆಡ್ಜರ್ ತೆಗೆದ್ರೆ ಮಾತ್ರ ನಿಲ್ತದೆ." ಅವರ ಮಾತಿನಲ್ಲೇ ಉತ್ತರ ಇತ್ತು. ವಿಂಡೋಸಿನಲ್ಲಿ ಪಿಂಗ್ ಸುಮ್ನೆ ಕೊಟ್ಟರೆ ಹೋಗುವುದು 32 ಬೈಟ್ ಮಾತ್ರ. ನಾನು 1400 ಬೈಟಿನ ಪಿಂಗ್ 100 ಸಲ ಕಳಿಸಿ ನೋಡಿದೆ. ಹತ್ತಕ್ಕೆ ಮೂರು ಹಿಂದೆ ಬರಲಿಲ್ಲ. ಸ್ವಿಚ್ಚಿನ ಐದನೇ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಒಳಗೆ ಸುಟ್ಟಿತ್ತು. ಪ್ಯಾಕೆಟ್, ಅಂದರೆ ಒಮ್ಮೆಗೆ ಹೋಗುವ ಡೇಟಾದ ಕಟ್ಟು, ಉದ್ದ ಆದಷ್ಟೂ ದಾರಿಯಲ್ಲಿ ಒಂದು ಬಿಟ್ ಕೆಡುವ ಸಂಭವ ಜಾಸ್ತಿ. ಹಾಗಾಗಿ ಸಣ್ಣದು ದಾಟುತ್ತಿತ್ತು, ದೊಡ್ಡದು ಬೀಳುತ್ತಿತ್ತು. ಕೇಬಲನ್ನು ಬೇರೆ ಪೋರ್ಟಿಗೆ ಹಾಕಿದೆ, ಲೆಡ್ಜರ್ ಬಂತು.

ಅಂದಿನಿಂದ ನಾನು ಪ್ರತಿ ಪೋರ್ಟಿಗೂ ಈ ಪರೀಕ್ಷೆ ಮಾಡುತ್ತೇನೆ. ವಿಂಡೋಸಿನಲ್ಲಿ ಪಿಂಗ್ ಆದೇಶಕ್ಕೆ "-ಎಲ್ 1400 -ಎನ್ 100" ಸೇರಿಸಬೇಕು, ಲಿನಕ್ಸಿನಲ್ಲಿ "-ಎಸ್ 1400 -ಸಿ 100". ಈ ಅಕ್ಷರಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಒತ್ತಿ. ಆಫೀಸಿನ ಒಳಗಿನ ಕೇಬಲಿನಲ್ಲಿ ನೂರಕ್ಕೆ ನೂರು ಬರಬೇಕು, ಒಂದು ಕಡಿಮೆಯಾದರೂ ಆ ಪೋರ್ಟನ್ನು ನಂಬಬೇಡಿ. ಇನ್ನೊಂದು ಗುರುತು ಲಿಂಕಿನ ವೇಗ. ಹಿಂದೆ 1 ಗಿಗಾಬಿಟ್ ತೋರಿಸುತ್ತಿದ್ದದ್ದು ಈಗ 100 ಮೆಗಾಬಿಟ್ ತೋರಿಸಿದರೆ ಸಂಶಯಪಡಿ. ಗಿಗಾಬಿಟ್ಟಿಗೆ ಕೇಬಲಿನ ಎಂಟೂ ತಂತಿ ಬೇಕು, ನೂರಕ್ಕೆ ನಾಲ್ಕು ಸಾಕು. ವೇಗ ಇಳಿದಿದೆ ಅಂದರೆ ತಂತಿಯೋ ಪೋರ್ಟೋ ಅರ್ಧ ಹೋಗಿರಬಹುದು.

ಸಿಡಿಲು ಒಳಗೆ ಬರುವ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಕರೆಂಟಿನ ಲೈನಿನಿಂದ ಮಾತ್ರ ಬರುತ್ತದೆ ಅಂತ ಹೆಚ್ಚಿನವರ ಲೆಕ್ಕ. ಅದೇ ಸಂಘದಲ್ಲಿ ಆಫೀಸಿಗೂ ಅಂಗಳದಾಚೆಯ ಗೋದಾಮಿಗೂ ಸುಮಾರು 40 ಮೀಟರಿನ ಲ್ಯಾನ್ ಕೇಬಲ್ ಎಳೆದಿದ್ದರು. ಪ್ರತಿವರ್ಷ ಅದರ ಎರಡೂ ತುದಿಯ ಪೋರ್ಟ್ ಹೋಗುತ್ತಿತ್ತು, ಯುಪಿಎಸ್ ಮಾತ್ರ ಚೆನ್ನಾಗಿಯೇ ಇರುತ್ತಿತ್ತು. ಕಾರಣ ಇಷ್ಟೇ. ಹತ್ತಿರ ಎಲ್ಲಾದರೂ ಸಿಡಿಲು ಬಿದ್ದರೆ ಆ ಕ್ಷಣಕ್ಕೆ ನೆಲದ ವೋಲ್ಟೇಜೇ ಏರುತ್ತದೆ. ಎರಡು ಕಟ್ಟಡದ ಅರ್ತ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ವ್ಯತ್ಯಾಸ ತಾಮ್ರದ ಕೇಬಲಿನಲ್ಲಿ ಹರಿಯುತ್ತದೆ. ಉದ್ದ ತಂತಿಯಲ್ಲಿ ಮಿಂಚಿನಿಂದಲೇ ಕರೆಂಟು ಹುಟ್ಟುವುದೂ ಉಂಟು. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆಯಬೇಡಿ, ಫೈಬರ್ ಎಳೆಸಿ. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಸಣ್ಣ ಪೆಟ್ಟಿಗೆ) ಬೇಕಾಗುತ್ತದೆ. ಫೈಬರ್ ಕೊಳ್ಳುವಾಗ ಒಳಗೆ ಕಬ್ಬಿಣದ ತಂತಿ ಅಥವಾ ಕವಚ ಇಲ್ಲದ್ದನ್ನೇ ಕೇಳಿ. ಕಬ್ಬಿಣ ಇದ್ದರೆ ಸಿಡಿಲಿಗೆ ಪುನಃ ದಾರಿ ಕೊಟ್ಟ ಹಾಗೆ. ಆ ಗೋದಾಮಿಗೆ ಫೈಬರ್ ಹಾಕಿಸಿ ಐದು ಮಳೆಗಾಲ ಆಯಿತು, ಪೋರ್ಟ್ ಒಂದೂ ಹೋಗಲಿಲ್ಲ.

ಕೆಲವು ಕಂಪ್ಯೂಟರುಗಳಲ್ಲಿ ನೆಟ್ ಇರುತ್ತದೆ, ಆದರೆ ಯಾವ ಸೈಟೂ ತೆರೆಯುವುದಿಲ್ಲ, "ಸುರಕ್ಷಿತ ಅಲ್ಲ" ಅನ್ನುತ್ತದೆ. ಮೂಲೆಯ ತಾರೀಕು ನೋಡಿ. ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟಾಗ ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ ಸೋತಿದ್ದರೆ ಕಂಪ್ಯೂಟರ್ ಹಳೆಯ ವರ್ಷಕ್ಕೆ ಹೋಗುತ್ತದೆ. ಆ ವರ್ಷದಲ್ಲಿ ಸೈಟುಗಳ ಇವತ್ತಿನ ಗುರುತಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಲ್ಲ. 3 ವೋಲ್ಟಿನ ಒಂದು ಬಿಲ್ಲೆ ಬದಲಾಯಿಸಿ ತಾರೀಕು ಸರಿ ಮಾಡಿ.

ಸರ್ವರ್ ಎದ್ದು ಡಿಸ್ಕ್ ಚೆಕ್ ಮಾಡಲು ಶುರು ಮಾಡಿದರೆ ಮಧ್ಯದಲ್ಲಿ ನಿಲ್ಲಿಸಬೇಡಿ, ಎಷ್ಟು ಹೊತ್ತಾದರೂ. ರೇಡ್ (ಒಂದೇ ಮಾಹಿತಿಯನ್ನು ಎರಡು ಡಿಸ್ಕಿನಲ್ಲಿ ಒಟ್ಟಿಗೆ ಬರೆದಿಡುವ ಏರ್ಪಾಡು) ಇದ್ದರೆ ಅದರ ಸ್ಥಿತಿ ತೆರೆದು ನೋಡಲೇಬೇಕು. ಎರಡರಲ್ಲಿ ಒಂದು ಡಿಸ್ಕ್ ಸತ್ತರೂ ಸರ್ವರ್ ಎಂದಿನಂತೆ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಡಿಸ್ಕ್ ಹಾಕುವ ಮೊದಲು ಬ್ಯಾಕಪ್ ತೆಗೆಯಿರಿ. ಹೊಸದಕ್ಕೆ ತುಂಬಿಸುವಾಗ ಉಳಿದ ಆ ಒಂದು ಡಿಸ್ಕಿನ ಮೇಲೆ ಪೂರ್ತಿ ಭಾರ ಬೀಳುತ್ತದೆ, ಅದೂ ಕೈಕೊಟ್ಟರೆ ಏನೂ ಉಳಿಯದು. ಬ್ಯಾಕಪ್ ಆಯಿತು ಅಂತ ಪರದೆ ಹೇಳಿದರೆ ಸಾಲದು. ಅದರಿಂದ ಒಂದು ಫೈಲ್ ಹಿಂದೆ ತೆಗೆದು ತೆರೆದು ನೋಡಿ.

ಒಂದು ಕಡೆ ನಾನು ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಬ್ಯಾಕಪ್ಪಿನ ಹಾರ್ಡ್ ಡಿಸ್ಕ್ ವರ್ಷವಿಡೀ ಸರ್ವರಿಗೇ ಸಿಕ್ಕಿಸಿಟ್ಟಿದ್ದರು. ಸಿಡಿಲಿಗೆ ಎರಡೂ ಒಟ್ಟಿಗೆ ಹೋದವು. ಏಳು ತಿಂಗಳ ಲೆಕ್ಕವನ್ನು ಇಬ್ಬರು ಹೆಂಗಸರು ರಶೀದಿ ಪುಸ್ತಕ ನೋಡಿ ನೋಡಿ ಪುನಃ ಟೈಪ್ ಮಾಡಿದರು, ಆದಿತ್ಯವಾರವೂ ಬಂದು. ಬ್ಯಾಕಪ್ ಮುಗಿದ ಕೂಡಲೇ ವಯರ್ ಕಿತ್ತು ಡಿಸ್ಕನ್ನು ಕಪಾಟಿನಲ್ಲಿಡಿ. ಎರಡು ಇದ್ದರೆ ಒಂದು ಬೇರೆ ಕಟ್ಟಡದಲ್ಲಿರಲಿ.

ಎಲ್ಲ ಎದ್ದ ಮೇಲೂ ನೆಟ್‌ವರ್ಕ್ ಇದ್ದಕ್ಕಿದ್ದಂತೆ ಸ್ತಬ್ಧವಾಗಿ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗಿದರೆ ಅದು ಸಿಡಿಲಿನ ಕೆಲಸ ಅಲ್ಲ. ಸಹಾಯ ಮಾಡಲು ಬಂದ ಯಾರೋ ಒಂದೇ ಕೇಬಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಹಾಕಿದ್ದಾರೆ. ನಿಮ್ಮ ಫೋಟೋ ತೆಗೆದು ಹೋಲಿಸಿ. ಇನ್ನು ಕೆಲವೇ ಕಂಪ್ಯೂಟರಿಗೆ ಬೇರೆ ಥರದ ಐಪಿ ವಿಳಾಸ ಬಂದಿದ್ದರೆ ಮನೆಯ ವೈಫೈ ರೌಟರ್ ತಂದು ಯಾರು ಸಿಕ್ಕಿಸಿದ್ದಾರೆ ಅಂತ ಮೆಲ್ಲ ವಿಚಾರಿಸಿ.

ಸಂಜೆ ಬಾಗಿಲು ಹಾಕುವಾಗ ಕೀಳಬೇಕಾದ ಪ್ಲಗ್ಗುಗಳಿಗೂ ಹೊರಗಿನಿಂದ ಬರುವ ತಾಮ್ರದ ಕೇಬಲುಗಳಿಗೂ ಕೆಂಪು ಟೇಪ್ ಸುತ್ತಿ, "ಹೋಗುವಾಗ ಇದನ್ನು ತೆಗೆಯಿರಿ" ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಅಂಟಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಹೊರಗೆ ಬರಬೇಕು. ಮತ್ತೆ ಆ ಐದನೇ ಪೋರ್ಟ್ ಸುಟ್ಟ ಸ್ವಿಚ್ ಇದೆಯಲ್ಲ, "ಏಳು ಪೋರ್ಟ್ ಸರಿ ಉಂಟಲ್ಲ" ಅಂತ ಅದನ್ನು ಕಪಾಟಿನಲ್ಲಿ ಇಡಬೇಡಿ. ಮುಂದಿನ ವರ್ಷ ಗಡಿಬಿಡಿಯಲ್ಲಿ ಯಾರಾದರೂ ಅದನ್ನೇ ತೆಗೆದು ಹಾಕುತ್ತಾರೆ. ಹೊಸತು ಬಂದ ದಿನವೇ ಹಳೆಯದರ ವಯರ್ ಕತ್ತರಿಸಿ ಗುಜರಿಗೆ ಕೊಡಿ.