ಆಟಿಕೆ ತುಂಬಿದ ಮನೆಗೆ ಉಡುಗೊರೆ: ಕೊನೆಗೂ ಫಲಿಸಿದ ನನ್ನ ಲೆಕ್ಕ

ಐದನೇ ಹುಟ್ಟುಹಬ್ಬಕ್ಕೆ ಅಕ್ಕನ ಮಗಳಿಗೆ ನಾನು ಕೊಟ್ಟದ್ದು ಒಂದಷ್ಟು ಬಟ್ಟೆ ಕ್ಲಿಪ್, ಎರಡು ಹಳೆಯ ಬೆಡ್‌ಶೀಟ್, ಒಂದು ಟಾರ್ಚ್, ನಾಲ್ಕೈದು ಸುರುಳಿ ಬಣ್ಣದ ಮಾಸ್ಕಿಂಗ್ ಟೇಪ್. ಅಕ್ಕ ಮುಖ ಸಿಂಡರಿಸಿದಳು. ಅಮ್ಮ "ಇದೇನೋ, ಗುಜರಿ ಸಾಮಾನು ತಂದಿದ್ದೀಯಾ?" ಅಂದರು. ಭಾವ ಸುಮ್ಮನಿದ್ದರು, ಆದರೆ ಹುಬ್ಬು ಮೇಲೆ ಹೋಗಿತ್ತು. ಈಗ ಆರು ತಿಂಗಳಿಗೂ ಜಾಸ್ತಿ ಆಯಿತು. ಅವತ್ತು ಬಂದ ಹತ್ತು ಹನ್ನೆರಡು ಉಡುಗೊರೆಗಳಲ್ಲಿ ಇವತ್ತಿಗೂ ದಿನಾ ಕೈಗೆ ಸಿಗಬೇಕಾದದ್ದು ಇದೊಂದೇ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬವೂ ಇದೆ, ಇರಲಿ.

ಯಾವ ವಯಸ್ಸಿಗೆ ಯಾವ ಆಟಿಕೆ ಅನ್ನುವುದೆಲ್ಲ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ. ನನ್ನ ತಲೆನೋವು ಬೇರೆ. ಇವಳ ಬಳಿ ಎಲ್ಲವೂ ಇದೆ. ಮೂರು ದೊಡ್ಡ ಬುಟ್ಟಿ, ಒಂದು ಕಪಾಟು, ಮಂಚದ ಕೆಳಗಿನ ಜಾಗ ಪೂರ್ತಿ. ಬಿಡಿ ತುಂಡುಗಳನ್ನು ಬಿಟ್ಟರೂ ನೂರೈವತ್ತರ ಹತ್ತಿರ ಇರಬೇಕು. ಏನು ಕೊಟ್ಟರೂ ಅದರದ್ದೇ ಅಣ್ಣನೋ ತಂಗಿಯೋ ಆಗಲೇ ಬುಟ್ಟಿಯಲ್ಲಿ ಕೂತಿರುತ್ತದೆ.

ಮೊದಲು ಕೈ ಸುಟ್ಟ ಕಥೆ. ಮೂರನೇ ಹುಟ್ಟುಹಬ್ಬಕ್ಕೆ ಕೂತು ಓಡಿಸುವ ಬ್ಯಾಟರಿ ಕಾರು ಕೊಟ್ಟೆ. ಆ ವರ್ಷ ಉಡುಗೊರೆಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದೊಂದಕ್ಕೇ ಹೋಯಿತು. ಎರಡು ವಾರ ಓಡಿತು. ಆಮೇಲೆ ಒಗೆದ ಬಟ್ಟೆ ಗುಡ್ಡೆ ಹಾಕುವ ಜಾಗವಾಯಿತು. ಒಳಗಿದ್ದದ್ದು ಲೆಡ್ ಆ್ಯಸಿಡ್ ಬ್ಯಾಟರಿ. ಚಾರ್ಜ್ ಇಳಿದದ್ದನ್ನು ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಅದು ಸಾಯುತ್ತದೆ, ಸತ್ತಿತು. ಹೊಸ ಬ್ಯಾಟರಿಗೆ ಕಾರಿನ ಬೆಲೆಯ ಕಾಲು ಭಾಗ ಕೇಳಿದರು. ಯಾರೂ ಹಾಕಿಸಲಿಲ್ಲ.

ಆಮೇಲೆ ಗುಂಡಿ ಒತ್ತಿದರೆ ಅಕ್ಷರ ಹೇಳುವ, ಹಾಡುವ ಆಟಿಕೆ. ಅದರ ಸೆಲ್‌ಗಳನ್ನು ಅಕ್ಕನೇ ಮೂರನೇ ದಿನ ತೆಗೆದು ಬಚ್ಚಿಟ್ಟಳು. ತಪ್ಪು ಹೇಳಲಾರೆ, ಆ ದನಿ ಕೇಳಿದವರಿಗೇ ಗೊತ್ತು. ಪಜಲ್‌ಗಳ ಹಣೆಬರಹ ಬೇರೆ ಥರ. ಇಪ್ಪತ್ತನಾಲ್ಕು ತುಂಡಿನದ್ದನ್ನು ಮೂರ್ನಾಲ್ಕು ಸಲ ಜೋಡಿಸಿ ಮುಗಿಸಿದಳು, ಅಲ್ಲಿಗೆ ಮುಗಿಯಿತು. ನೂರು ತುಂಡಿನದ್ದು ಡಬ್ಬದಿಂದ ಆಚೆ ಬಂದದ್ದು ಒಂದೇ ಸಲ. ಅದೂ ತುಂಡುಗಳನ್ನು ಲಾರಿಗೆ ತುಂಬಲು.

"ವಸ್ತು ಬೇಡ, ಅನುಭವ ಕೊಡಿ" ಅನ್ನುವ ಉಪದೇಶವನ್ನೂ ಕೇಳಿದೆ. ನಾಲ್ಕನೇ ಹುಟ್ಟುಹಬ್ಬಕ್ಕೆ ಗೊಂಬೆಯಾಟದ ಟಿಕೆಟ್. ಲಕೋಟೆ ತೆರೆದಳು, ಕಾಗದ ನೋಡಿದಳು, ಪಕ್ಕಕ್ಕಿಟ್ಟು ಮುಂದಿನ ಪೊಟ್ಟಣಕ್ಕೆ ಕೈ ಹಾಕಿದಳು. ಆ ವಯಸ್ಸಿಗೆ "ಮುಂದಿನ ಭಾನುವಾರ" ಅಂದರೆ ಏನು ಗೊತ್ತಾಗುತ್ತೆ? ಆಟ ನೋಡಿ ಕುಣಿದಾಡಿದಳು, ನಿಜ. ಆದರೆ ಅದು ಮಾಮ ಕೊಟ್ಟದ್ದು ಅಂತ ಅವಳ ತಲೆಗೆ ಬರಲೇ ಇಲ್ಲ. ಇದಕ್ಕೊಂದು ಮದ್ದು ಸಿಕ್ಕಿದೆ. ಆಮೇಲೆ ಈಜು ಕಲಿಸಲು ಸೇರಿಸಿದಾಗ ಫೀಸನ್ನು ಅಕ್ಕನ ಕೈಗೆ ಕೊಟ್ಟೆ, ಮಗುವಿನ ಪೊಟ್ಟಣದಲ್ಲಿ ಈಜುವ ಕನ್ನಡಕ ಇಟ್ಟೆ. ವಾರಗಟ್ಟಲೆ ಅದನ್ನು ಹಾಕಿಕೊಂಡೇ ಸೋಫಾ ಮೇಲೆ ಈಜಿದಳು. ಅನುಭವ ಕೊಡುವುದಾದರೆ ಅದಕ್ಕೊಂದು ಹಿಡಿಯುವ ವಸ್ತು ಇರಲೇಬೇಕು.

ಇಷ್ಟು ದುಡ್ಡು ಹೋದ ಮೇಲೆ ಒಂದು ಲೆಕ್ಕ ಶುರುಮಾಡಿದೆ. ಉಡುಗೊರೆಯ ಬೆಲೆಯನ್ನು ಮೊದಲ ಮೂರು ತಿಂಗಳಲ್ಲಿ ಅವಳು ಅದರೊಂದಿಗೆ ಆಡಿದ ಗಂಟೆಗಳಿಂದ ಭಾಗಿಸುವುದು. ಗಂಟೆಗಳು ಅಂದಾಜಿನವು, ಅಕ್ಕನನ್ನು ಕೇಳಿ ಬರೆದುಕೊಂಡದ್ದು. ಹೀಗೆ ನೋಡಿದರೆ ಕಾರಿನ ಒಂದು ಗಂಟೆಯ ಖರ್ಚಿನಲ್ಲಿ ಮಾಸ್ಕಿಂಗ್ ಟೇಪ್ ಎರಡು ತಿಂಗಳಾದರೂ ಓಡುತ್ತದೆ. ಹಾಡುವ ಆಟಿಕೆಯದ್ದು ಕಾರಿಗಿಂತ ಬಹಳ ಕಮ್ಮಿಯೇನಲ್ಲ. ಬೆಲೆ ಕಮ್ಮಿ, ಆದರೆ ಆಡಿದ್ದೂ ಕಮ್ಮಿ. ಕಾಗದದ ಮೇಲೆ ಬರೆದು ನೋಡಿ, ಹೊಟ್ಟೆ ಉರಿಯುತ್ತದೆ.

ಇನ್ನು ವಿಧಾನ. ನಾನು ಅಂಗಡಿಗೆ ಹೋಗುವ ಮೊದಲು ಅವರ ಮನೆಗೆ ಹೋಗುತ್ತೇನೆ. ನೆಂಟರು ಬಂದ ದಿನ ಬೇಡ, ಸಾದಾ ಒಂದು ದಿನ. ಮೂಲೆಯಲ್ಲಿ ಒಂದು ಗಂಟೆ ಕೂರುವುದು, ಆಟಕ್ಕೆ ಸೇರದೆ. ಯಾವ ಆಟಿಕೆ ಮುಟ್ಟಿದಳು ಅಂತ ನೋಡುವುದಿಲ್ಲ, ಆಟ ಎಲ್ಲಿ ನಿಂತುಹೋಗುತ್ತದೆ ಅಂತ ನೋಡುತ್ತೇನೆ. ಎಲ್ಲಿ "ಅಮ್ಮಾ..." ಅಂತ ಕೂಗುತ್ತಾಳೆ, ಎಲ್ಲಿ ಎಸೆದು ಎದ್ದು ಹೋಗುತ್ತಾಳೆ, ಅದು.

ಐದನೇ ಹುಟ್ಟುಹಬ್ಬಕ್ಕೆ ಮೊದಲು ಹೀಗೆ ಕೂತಾಗ ಕಂಡದ್ದು ಇದು. ಎರಡು ಕುರ್ಚಿ ಎಳೆದು ಮೇಲೆ ಹೊದಿಕೆ ಹಾಕಿ ಮನೆ ಕಟ್ಟುತ್ತಿದ್ದಳು. ಹೊದಿಕೆ ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ಅಮ್ಮನನ್ನು ಕರೆದಳು, ಅಮ್ಮನಿಗೆ ಕೆಲಸ. ಆಟ ಅಲ್ಲಿಗೇ ಸತ್ತಿತು. ಪಕ್ಕದಲ್ಲೇ ಯಾರೋ ಕೊಟ್ಟ ರೆಡಿಮೇಡ್ ಟೆಂಟ್ ಮಡಿಚಿ ನಿಲ್ಲಿಸಿತ್ತು. ಅದರ ಕಡೆ ತಿರುಗಿಯೂ ನೋಡಲಿಲ್ಲ. ಟೆಂಟ್ ಯಾವಾಗಲೂ ಟೆಂಟೇ. ಕುರ್ಚಿ ಮೇಲಿನ ಹೊದಿಕೆ ಒಂದು ದಿನ ಬಸ್ಸು, ಒಂದು ದಿನ ಆಸ್ಪತ್ರೆ. ಅವಳಿಗೆ ಬೇಕಿದ್ದದ್ದು ಟೆಂಟ್ ಅಲ್ಲ, ಕ್ಲಿಪ್.

ಕ್ಲಿಪ್ ಅಂದರೆ ಯಾವುದೋ ಒಂದು ಅಲ್ಲ. ಇಲ್ಲಿ ನಾನು ನಿಜಕ್ಕೂ ಸಮಯ ಹಾಕಿದ್ದೇನೆ. ಮರದ ಚಿಕ್ಕ ಕ್ಲಿಪ್‌ನ ಬಾಯಿ ಕುರ್ಚಿಯ ಬೆನ್ನಿಗೆ ಸಾಲದು, ಸ್ವಲ್ಪ ಓರೆಯಾಗಿ ಎಳೆದರೆ ಸ್ಪ್ರಿಂಗ್ ಕಳಚಿ ಎರಡು ಹೋಳು. ಕಬ್ಬಿಣದ ಕ್ಲ್ಯಾಂಪ್ ಗಟ್ಟಿ ಹಿಡಿಯುತ್ತದೆ, ಆದರೆ ಅದನ್ನು ಐದು ವರ್ಷದ ಬೆರಳು ಅದುಮಲಾರದು. ಅದುಮಿದರೂ ಬೆರಳು ಸಿಕ್ಕಿಕೊಂಡರೆ ಕಷ್ಟ. ಅಗಲ ಬಾಯಿಯ, ಮೆತ್ತನೆ ಸ್ಪ್ರಿಂಗಿನ ಪ್ಲಾಸ್ಟಿಕ್ ಕ್ಲಿಪ್ ಸರಿಹೋಯಿತು. ಪ್ರತಿ ಬಗೆಯಲ್ಲೂ ಒಂದೊಂದು ತಂದು, ದಪ್ಪ ಕುರ್ಚಿಗೆ ಸಿಕ್ಕಿಸಿ, ಹೆಬ್ಬೆರಳು ಮತ್ತು ಒಂದೇ ಬೆರಳಿನಲ್ಲಿ ತೆರೆದು ನೋಡಿದೆ. ನನಗೇ ಬಿಗಿ ಅನಿಸಿದರೆ ಅದು ಮಗುವಿಗಲ್ಲ. ಆಮೇಲೆ ಮೂವತ್ತರಷ್ಟು ತಂದೆ. ಶೀಟ್ ಹಳೆಯದೇ ಒಳ್ಳೆಯದು, ತೆಳು ಹತ್ತಿಯದ್ದು. ದಪ್ಪ ಹೊದಿಕೆ ಭಾರಕ್ಕೆ ಹಗುರ ಕುರ್ಚಿಯನ್ನೇ ಉರುಳಿಸುತ್ತದೆ.

ಟಾರ್ಚ್‌ನಲ್ಲಿ ನೋಡಬೇಕಾದದ್ದು ಬೆಳಕಲ್ಲ, ಸೆಲ್ ಮುಚ್ಚಳ. ಅದಕ್ಕೆ ಸ್ಕ್ರೂ ಇರಬೇಕು, ಒಳಗೆ ಬಟನ್ ಸೆಲ್, ಅಂದರೆ ನಾಣ್ಯದಂಥ ಚಪ್ಪಟೆ ಪುಟ್ಟ ಬ್ಯಾಟರಿ, ಇರಬಾರದು. ಅವಳ ತಮ್ಮ ಈಗಷ್ಟೇ ಎದ್ದು ಓಡಾಡುತ್ತಿದ್ದಾನೆ, ಸಿಕ್ಕಿದ್ದೆಲ್ಲ ಬಾಯಿಗೆ. ಬಟನ್ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ಬಿಡಿ ಮ್ಯಾಗ್ನೆಟ್ ಗುಂಡುಗಳೂ ಬೇಡವೇ ಬೇಡ. ಎರಡು ನುಂಗಿದರೆ ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂರು ವರ್ಷದ ಕೆಳಗಿನ ಮಕ್ಕಳ ಆಟಿಕೆ ಪರೀಕ್ಷಿಸುವ ಕೊಳವೆಯ ಒಳ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಆ ವಯಸ್ಸಿಗೆ ಸಲ್ಲದು. ದೊಡ್ಡವಳಿಗೆ ಕೊಡುವಾಗಲೂ ನಾನು ಅಳೆಯುವುದು ಚಿಕ್ಕವನ ಲೆಕ್ಕದಲ್ಲೇ.

ಮಾಸ್ಕಿಂಗ್ ಟೇಪ್ ಯಾಕೆ ಅಂದರೆ ಕೈಯಲ್ಲೇ ಹರಿಯಬಹುದು, ಕತ್ತರಿ ಕೇಳಿಕೊಂಡು ಬರುವುದಿಲ್ಲ. ನೆಲದ ಮೇಲೆ ರಸ್ತೆ, ರೈಲು ಹಳಿ, ಕುಂಟಾಟದ ಮನೆ, ಎಲ್ಲ ಆಗುತ್ತದೆ. ಎರಡು ಮೂರು ದಿನಕ್ಕೆ ಕಿತ್ತುಬಿಡಬೇಕು, ಇಲ್ಲದಿದ್ದರೆ ಅಂಟು ಉಳಿದು ಅಕ್ಕನ ಬಾಯಿಗೆ ನಾನು ಸಿಗುತ್ತೇನೆ.

ಇದೇ ವಿಧಾನ ಬ್ಲಾಕ್‌ಗಳ ವಿಷಯದಲ್ಲೂ ನಡೆಯಿತು. ಮರದ ಬ್ಲಾಕ್ ಬೇಕಾದಷ್ಟಿತ್ತು. ಗೋಪುರ ಕಟ್ಟುವುದು, ಬೀಳಿಸುವುದು, ಅಷ್ಟೇ. ಕೂತು ನೋಡಿದರೆ ಎರಡು ಗೋಪುರದ ನಡುವೆ ಸೇತುವೆ ಹಾಕಲು ಹೋಗಿ ಪ್ರತಿ ಸಲ ಸೋಲುತ್ತಿದ್ದಳು. ಉದ್ದದ ಹಲಗೆ ಇರಲಿಲ್ಲ. ಶಾಲೆಗಳಲ್ಲಿ ಕಾಣುವ ಯೂನಿಟ್ ಬ್ಲಾಕ್‌ಗಳನ್ನು ಅಮೆರಿಕದ ಶಿಕ್ಷಕಿ ಕ್ಯಾರೊಲಿನ್ ಪ್ರಾಟ್ 1913ರ ಸುಮಾರಿಗೆ ರೂಪಿಸಿದರು. ದಪ್ಪ, ಅಗಲ, ಉದ್ದ 1:2:4 ಲೆಕ್ಕದಲ್ಲಿರುತ್ತವೆ. ಹಾಗಾಗಿ ಯಾವುದರ ಪಕ್ಕ ಯಾವುದಿಟ್ಟರೂ ಮಟ್ಟಸವಾಗಿ ಕೂರುತ್ತದೆ. ನಾನೂ ಅದೇ ಲೆಕ್ಕ ಹಿಡಿದು, ಬಡಗಿಯ ಬಳಿ ಮಿಕ್ಕ ತೆಳು ಹಲಗೆಗಳನ್ನು ಬ್ಲಾಕಿನ ಉದ್ದದ ಎರಡರಷ್ಟು, ನಾಲ್ಕರಷ್ಟು ಕೊಯ್ಯಿಸಿ, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿಸಿದೆ. ಖರ್ಚು ಒಂದು ಹೊಸ ಬ್ಲಾಕ್ ಸೆಟ್ಟಿನ ಹತ್ತನೇ ಒಂದು ಭಾಗ ಇರಬಹುದು. ಮೂಲೆ ಸೇರಿದ್ದ ಬುಟ್ಟಿ ಪೂರ್ತಿ ಮತ್ತೆ ನೆಲಕ್ಕೆ ಬಂತು. ಒಂದು ಉಡುಗೊರೆಯಿಂದ ಐವತ್ತು ಹಳೆಯ ತುಂಡುಗಳಿಗೆ ಜೀವ ಬಂದರೆ ಅದಕ್ಕಿಂತ ಲಾಭ ಇನ್ನೇನಿದೆ?

ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಮಾತ್ರ ಹುಷಾರು. ನೋಡಲು ಒಂದೇ ಥರ ಇದ್ದ ಅಗ್ಗದ ಸೆಟ್ ಒಂದನ್ನು ತಂದೆ, ಮನೆಯಲ್ಲಿದ್ದ ಡುಪ್ಲೊ, ಅಂದರೆ ಲೆಗೊದವರದೇ ದೊಡ್ಡ ಇಟ್ಟಿಗೆ, ಅದರ ಜೊತೆ ಕಚ್ಚಿಕೊಳ್ಳಲೇ ಇಲ್ಲ. ಬೇರೆಯಾಗಿ ಒಂದು ಚೀಲದಲ್ಲಿ ಬಿದ್ದಿದೆ. ಡುಪ್ಲೊ ಬಂದದ್ದು 1969ರಲ್ಲಿ. ಮಾಮೂಲಿ ಲೆಗೊ ಇಟ್ಟಿಗೆಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿದ್ದಾರೆ, ದೊಡ್ಡದರ ಮೇಲೆ ಚಿಕ್ಕದು ಕೂರುತ್ತದೆ. ಮಗು ಬೆಳೆಯಿತು ಅಂತ ದೊಡ್ಡದನ್ನು ಯಾರಿಗಾದರೂ ಕೊಡಲು ಅವಸರ ಬೇಡ. ಅಡಿಪಾಯಕ್ಕೆ ಬರುತ್ತದೆ.

ಮಧ್ಯೆ ಒಂದೆರಡು ಅಡ್ಡ ಪ್ರಯೋಗಗಳೂ ಆದವು. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳಿಗೆ ಒಮ್ಮೆ 4 ಆಟಿಕೆ, ಒಮ್ಮೆ 16 ಆಟಿಕೆ ಕೊಟ್ಟು ನೋಡಿದ್ದರು, 2018ರಲ್ಲಿ ಪ್ರಕಟವಾಯಿತು. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಜಾಸ್ತಿ ಹೊತ್ತು, ಜಾಸ್ತಿ ಬಗೆಯಲ್ಲಿ ಆಡಿದರು. ಅವು ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು, ನಮ್ಮವಳು ದೊಡ್ಡವಳು. ಆದರೂ ಆಗಲಿ ಅಂತ ಇಪ್ಪತ್ತರಷ್ಟು ಆಟಿಕೆ ಬಿಟ್ಟು ಮಿಕ್ಕದ್ದೆಲ್ಲ ಅಟ್ಟಕ್ಕೆ ಹಾಕಿಸಿದೆ. ಅಕ್ಕ ಮನೆ ರಣರಂಗವಾಗುತ್ತದೆ ಅಂದಳು. ಆಗಲಿಲ್ಲ. ಎರಡು ದಿನ ಒಂದು ಬಟ್ಟೆ ಮೊಲಕ್ಕೆ ಅತ್ತಳು, ಅದನ್ನು ವಾಪಸ್ ಕೊಟ್ಟೆವು. ಬೇರೆ ಯಾವುದನ್ನೂ ಕೇಳಲಿಲ್ಲ. ಅಟ್ಟಕ್ಕೆ ಸಾಗಿಸುವ ಮೊದಲು ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ, ಅದರಿಂದಲೇ ಹುಡುಕಾಟ ಇಲ್ಲ. ಅದನ್ನು ಇಲ್ಲಿ ಹೇಳುವುದಿಲ್ಲ. ಐದಾರು ವಾರದ ಮೇಲೆ ಅಟ್ಟದ ಒಂದು ಲಾರಿಯನ್ನು ಗಿಫ್ಟ್ ಪೇಪರ್‌ನಲ್ಲಿ ಸುತ್ತಿ ಕೊಟ್ಟೆ. "ಮಾಮಾ, ಇದು ನನ್ನದೇ!" ಅಂತ ತಕ್ಷಣ ಹಿಡಿದಳು. ಆದರೆ ಸಂಜೆವರೆಗೆ ಕೈಬಿಡಲಿಲ್ಲ. ಖರ್ಚು ಒಂದು ಹಾಳೆ ಕಾಗದ.

ರಟ್ಟಿನ ಡಬ್ಬದ್ದು ಇನ್ನೊಂದು. ಅಮೆರಿಕದ ರೋಚೆಸ್ಟರ್‌ನಲ್ಲಿರುವ ಆಟಿಕೆಗಳ ಹಾಲ್ ಆಫ್ ಫೇಮ್‌ಗೆ, ಅಂದರೆ ಆಟಿಕೆಗಳ ಗೌರವದ ಪಟ್ಟಿಗೆ, 2005ರಲ್ಲಿ ರಟ್ಟಿನ ಡಬ್ಬ, 2008ರಲ್ಲಿ ಬರೀ ಕೋಲು ಸೇರಿವೆ. ಇದನ್ನು ಅಮ್ಮನಿಗೆ ಹೇಳಿದೆ. "ಹಾಗಾದರೆ ಮುಂದಿನ ಸಲ ಕೋಲು ತಾ" ಅಂದರು. ವಾಷಿಂಗ್ ಮಷಿನ್ ಬಂದ ಡಬ್ಬಕ್ಕೆ ನಾನೇ ಕಿಟಕಿ, ಬಾಗಿಲು ಕೊರೆದು ಬಣ್ಣ ಹಾಕಿ ಕೊಟ್ಟಿದ್ದೆ, ನಾಲ್ಕು ದಿನ ಬಂತು. ಇನ್ನೊಂದು ಡಬ್ಬವನ್ನು ಹಾಗೇ ಕೊಟ್ಟು, ಅವಳು ಬಳಪದಲ್ಲಿ ಗೀಚಿ ತೋರಿಸಿದ ಕಡೆ ಮಾತ್ರ ಕೊರೆದೆ. ಅದು ಮೂರು ವಾರ ದಾಟಿತು, ಆಮೇಲೆ ನೆನೆದು ಹೋಯಿತು.

ನೆಂಟರನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟ. ಪೊಟ್ಟಣ ದೊಡ್ಡದಿರಬೇಕು ಅನ್ನುವುದು ಅವರ ಹಟ, ಮತ್ತು ಅದರಲ್ಲಿ ಅರ್ಧ ಸತ್ಯವಿದೆ. ಬಿಚ್ಚುವ ಸಂಭ್ರಮ ಮಗುವಿಗೆ ಬೇಕೇ ಬೇಕು. ಹಾಗಾಗಿ ಕ್ಲಿಪ್‌ಗಳನ್ನು ಆರು ಕಟ್ಟು ಮಾಡಿ ಬೇರೆ ಬೇರೆ ಸುತ್ತಿದೆ, ಟೇಪ್ ಬೇರೆ, ಶೀಟ್ ಬೇರೆ, ಎಲ್ಲ ಒಂದು ದೊಡ್ಡ ಡಬ್ಬದೊಳಗೆ. ಯಾವುದು ಕೊನೆಗೆ ಸಿಗಬೇಕು ಅನ್ನುವುದರಲ್ಲೂ ಒಂದು ಕೈಚಳಕ ಇದೆ, ಅದೂ ನನ್ನ ಬಳಿಯೇ ಇರಲಿ. ಈಗ ಅಮ್ಮ ಹಳೆಯ ಬಟ್ಟೆಗಳ ಅಗಲ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಭಾವ ಕಳೆದ ತಿಂಗಳು ಫೋನ್ ಮಾಡಿ, "ಈ ಸಲ ಏನು ನೋಡಿದೆ, ನನಗೂ ಹೇಳು, ನಾನೂ ದುಡ್ಡು ಸೇರಿಸುತ್ತೇನೆ" ಅಂದರು. ಬರೆದಿಟ್ಟುಕೊಂಡಿದ್ದೇನೆ, ಅವರು ಮರೆತರೆ ತೋರಿಸಲು.

ಈ ಸಲ ನೋಡಿದ್ದು ಇದು. ಮೆಟ್ಟಿಲ ಮೇಲೆ ನಿಂತು ಪುಟ್ಟ ಬುಟ್ಟಿಗೆ ದಾರ ಕಟ್ಟಿ ಗೊಂಬೆಗಳನ್ನು ಮೇಲೆ ಎಳೆಯುತ್ತಾಳೆ. ದಾರ ಕಂಬಿಯಲ್ಲಿ ಸಿಕ್ಕಿ ನಿಲ್ಲುತ್ತದೆ. ಹಾಗಾಗಿ ರಾಟೆ. ಎರಡು ಅಳತೆಯದ್ದು ತಂದು ನೋಡಿದೆ, ಚಿಕ್ಕದರಲ್ಲಿ ದಾರ ಗಾಲಿಯ ತೋಡು ಬಿಟ್ಟು ಪಕ್ಕಕ್ಕೆ ಜಾರುತ್ತದೆ, ದೊಡ್ಡದು ಪರವಾಗಿಲ್ಲ. ಹಗ್ಗ ಕುತ್ತಿಗೆಗೆ ಸುತ್ತಿಕೊಳ್ಳುವ ಭಯ ಇರುವುದರಿಂದ ದೊಡ್ಡವರು ಎದುರಿಗಿದ್ದಾಗ ಮಾತ್ರ ಕಟ್ಟುವುದು, ಆಟ ಮುಗಿದ ಕೂಡಲೇ ಬಿಚ್ಚಿ ಎತ್ತಿಡುವುದು ಅಂತ ಅಕ್ಕನ ಜೊತೆ ಕರಾರಾಗಿದೆ. ಕೊಕ್ಕೆ ಎಷ್ಟು ಭಾರ ತಡೆಯುತ್ತದೆ ಅಂತ ಇನ್ನೂ ನೋಡಬೇಕು. ಪುಸ್ತಕ ತುಂಬಿದ ಚೀಲ ಒಂದನ್ನು ಈ ವಾರ ತೂಗುಹಾಕುತ್ತೇನೆ.